ಕಲಿಕಾ ತಂತ್ರಾಂಶ: ಕೊಳ್ಳುವ ಮುನ್ನ ಐದು ಮಕ್ಕಳ ಕೈಗೆ ಕೊಡೋಣ

ಕೇಂದ್ರ ಸರಕಾರ 2017ರಲ್ಲಿ ದೀಕ್ಷಾ ವೇದಿಕೆಯನ್ನು ಆರಂಭಿಸಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಪಾಠ ತೆರೆದುಕೊಳ್ಳುವ ಕಾಲ ಬಂತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಇಂತಹ ತಂತ್ರಾಂಶಗಳು ಅನೇಕ ಮನೆಗಳನ್ನು ಹೊಕ್ಕವು. ಈಗ ಖಾಸಗಿ ಕಂಪೆನಿಗಳ ಪ್ರತಿನಿಧಿಗಳೂ ಶಾಲಾ ಆಡಳಿತ ಮಂಡಳಿಗಳ ಮುಂದೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಗುಂಡಿ ಒತ್ತುವವರು ಅವರೇ, ತಲೆಯಾಡಿಸುವವರು ನಾವು. ಬಳಸಬೇಕಾದ ಮಗು ಮಾತ್ರ ಆ ಕೋಣೆಯಲ್ಲಿ ಇರುವುದಿಲ್ಲ.

ಇದರ ನಷ್ಟ ಹಣದ್ದು ಮಾತ್ರವಲ್ಲ. ಭಿನ್ನರಾಶಿಯ ಲೆಕ್ಕ ಸರಿಯಾಗಿಯೇ ಮಾಡಿದ ಕನ್ನಡ ಮಾಧ್ಯಮದ ಹುಡುಗಿ, ಮೂಲೆಯಲ್ಲಿರುವ 'ಸಬ್‌ಮಿಟ್' ಎಂಬ ಇಂಗ್ಲಿಷ್ ಗುಂಡಿ ತಿಳಿಯದೆ ಸೊನ್ನೆ ಪಡೆಯಬಹುದು. ಅಂಕ ನೋಡಿದವರು ಗಣಿತ ಬರುವುದಿಲ್ಲ ಎನ್ನುತ್ತಾರೆ. ಅವಳೂ ಹಾಗೆಯೇ ನಂಬುತ್ತಾಳೆ.

ಇದಕ್ಕೆ ಮದ್ದು ಬಳಕೆದಾರರ ಪರೀಕ್ಷೆ. ಹೆಸರು ಹಾಗಿದ್ದರೂ ಇಲ್ಲಿ ಪರೀಕ್ಷೆಗೆ ಕೂರುವುದು ತಂತ್ರಾಂಶ. ದೊಡ್ಡ ಸಮೀಕ್ಷೆಯೂ ಬೇಕಿಲ್ಲ. ಐದು ಮಂದಿ ಬಳಸುವುದನ್ನು ಗಮನಿಸಿದರೆ ಸರಾಸರಿ ಶೇ. 85ರಷ್ಟು ತೊಡಕುಗಳು ಸಿಗುತ್ತವೆ ಎಂದು ಈ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದರು. ಹದಿನೈದು ಮಂದಿ ಸಿಕ್ಕರೆ ಒಮ್ಮೆಗೇ ಕೂರಿಸದೆ, ಐವರಂತೆ ಮೂರು ಸಲ, ನಡುವೆ ದೋಷ ತಿದ್ದಿ ನೋಡಿ ಎಂಬುದು ಅವರ ಸಲಹೆ. ಆ ಲೆಕ್ಕ ಒಂದೇ ಬಗೆಯ ಬಳಕೆದಾರರದ್ದು. ಮಕ್ಕಳನ್ನೂ ಶಿಕ್ಷಕರನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ದೊಡ್ಡವರಿಗಾದರೆ ಮನಸ್ಸಿನಲ್ಲಿ ಬಂದದ್ದನ್ನು ಹೇಳುತ್ತಾ ಬಳಸಿ ಎನ್ನಬಹುದು. ಮಕ್ಕಳು ಒಬ್ಬರೇ ಕುಳಿತರೆ ಬಾಯಿ ಬಿಡುವುದು ಕಡಿಮೆ. ಇಬ್ಬರನ್ನು ಜೊತೆಗೆ ಕೂರಿಸಿದರೆ 'ಅದಲ್ಲ ಮಾರಾಯ, ಇದು ಒತ್ತು' ಎಂಬ ಮಾತಿನಲ್ಲೇ ದೋಷ ಹೊರಬೀಳುತ್ತದೆ. ಇಷ್ಟವಾಯಿತೇ ಎಂದು ಕೇಳಿ ಫಲವಿಲ್ಲ, ಟೀಚರ್ ಕೇಳಿದರೆ ಮಕ್ಕಳು ಹೌದು ಎಂದೇ ಅನ್ನುತ್ತಾರೆ. ಬೆರಳು ಎಲ್ಲಿ ತಡೆಯಿತು ಎಂಬುದನ್ನು ಬರೆದುಕೊಳ್ಳಬೇಕು. ನಡುವೆ ಹೇಳಿಕೊಡಬಾರದು. ನಮ್ಮ ಶಿಕ್ಷಕರಿಗೆ ಕಷ್ಟವಾಗುವುದು ಇದೊಂದೇ!

ಆದುದರಿಂದ ಕಂಪೆನಿಯವರನ್ನು ಒಂದು ವಾರದ ಮಟ್ಟಿಗೆ ತಂತ್ರಾಂಶ ಬಿಟ್ಟುಹೋಗುವಂತೆ ಕೇಳೋಣ. ಅವರ ಹೊಸ ಲ್ಯಾಪ್‌ಟಾಪ್ ಬೇಡ. ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ, ಜೂನ್ ತಿಂಗಳ ಮಳೆಗೆ ಬಂದು ಹೋಗುವ ನೆಟ್‌ವರ್ಕಿನಲ್ಲಿ, ತರಗತಿಯ ಜಾಣರನ್ನಷ್ಟೇ ಆರಿಸದೆ ನೋಡೋಣ. ಸಿಕ್ಕ ತೊಡಕುಗಳ ಪಟ್ಟಿ ಅವರ ಕೈಗೆ ಕೊಟ್ಟು, ತಿದ್ದಿ ತಂದ ಮೇಲೆಯೇ ಚೆಕ್ಕಿಗೆ ಸಹಿ ಹಾಕೋಣ.