ಕೈ ಮಿಷನ್ನಿನ ಪರವಾಗಿ

ಕಳೆದ ಬೇಸಗೆಯ ರಜದಲ್ಲಿ ಗುಡೇಮಾರನಹಳ್ಳಿಯ ನಮ್ಮ ಮನೆಗೆ ಬೆಂಗಳೂರಿನಿಂದ ಒಬ್ಬ ಮಹನೀಯರು ಬಂದಿದ್ದರು. ಹಳೆಯ ಸಾಮಾನು ಕೊಂಡು ಮಾರುವುದು ಅವರ ಕಸುಬು. ಅಟ್ಟದ ಮೇಲಿದ್ದ ಅಜ್ಜಿಯ ಹೊಲಿಗೆ ಮಿಷನ್ನನ್ನು ಇಳಿಸಿ ನೋಡಿ, ಎರಡು ಸಾವಿರ ರೂಪಾಯಿ ಕೊಡುವುದಾಗಿ ಹೇಳಿದರು. ಇದನ್ನೇನು ಮಾಡುವಿರೆಂದು ಕೇಳಿದೆ. ಯಾವುದೋ ಹೋಟೆಲಿನಲ್ಲಿ ಅಂದಕ್ಕೆ ಇಡುತ್ತಾರಂತೆ. "ತಿರುಗದಿದ್ದರೂ ಚಿಂತೆಯಿಲ್ಲ, ತುಕ್ಕು ಇದ್ದಷ್ಟೂ ಒಳ್ಳೆಯದು" ಎಂದರು. ಆ ಮಾತು ನನಗೆ ಹಿಡಿಸಲಿಲ್ಲ. ಅವರು ಹದಿನೈದು ದಿನ ಬಿಟ್ಟು ಬರುವುದಾಗಿ ಹೇಳಿ ಹೋದ ಮೇಲೆ ಅಜ್ಜಿ, "ಅಷ್ಟರೊಳಗೆ ತಿರುಗಿಸಿ ತೋರ್ಸು ಮಗಾ, ಆಗದಿದ್ರೆ ಕೊಟ್ಬಿಡಾನ" ಎಂದಳು.

ಅದು ಸಿಂಗರ್ ಕಂಪೆನಿಯ ಕೈ ಮಿಷನ್. ಅಜ್ಜಿ ಮದುವೆಯಾಗಿ ಬಂದಾಗಲೇ ಹಳೆಯದಾಗಿತ್ತಂತೆ. ಅದರ ಮೇಲಿನ ಸಂಖ್ಯೆ 'ವೈ' ಎಂಬ ಇಂಗ್ಲಿಷ್ ಅಕ್ಷರದಿಂದ ತೊಡಗುತ್ತದೆ. ಆ ಗುರುತಿನವು 1920ರ ದಶಕದಲ್ಲೂ ಮುಂದಿನ ಕೆಲವು ವರ್ಷಗಳಲ್ಲೂ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನಲ್ಲಿ ತಯಾರಾದವು. 1885ರಲ್ಲಿ ತೆರೆದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿಯ ರೈಲು ನಿಲ್ದಾಣಕ್ಕೆ ಮಾತ್ರ ಇಂದಿಗೂ 'ಸಿಂಗರ್' ಎಂದೇ ಹೆಸರು.

ಹಿಡಿ ಒಂದಂಗುಲವೂ ಅಲುಗಲಿಲ್ಲ. ಮಾಗಡಿಯ ವೃದ್ಧ ಟೈಲರೊಬ್ಬರಿಗೆ ತೋರಿಸಿದೆ. ಅವರು ಬೆರಳಿನಿಂದ ಒರೆಸಿ, ಮೂಸಿ ನೋಡಿ, "ಇದು ತುಕ್ಕಲ್ಲ, ಎಣ್ಣೆ" ಎಂದರು. ಮಿಷನ್ ಎಣ್ಣೆ ತೀರಿದಾಗಲೆಲ್ಲ ನಮ್ಮ ಮನೆಯವರು ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಅದು ವರ್ಷಾನುಗಟ್ಟಲೆ ಒಣಗಿ ಅಂಟಾಗಿ ಕೀಲುಗಳನ್ನು ಹಿಡಿದಿತ್ತು. ಎಣ್ಣೆಯ ತೂತುಗಳಿಗೆಲ್ಲ ಸೀಮೆಎಣ್ಣೆಯ ಹನಿ ಬಿಡಬೇಕು, ದಿನಕ್ಕೆರಡು ಸಲ ಹಿಡಿಯನ್ನು ಮೆಲ್ಲಗೆ ಅಲುಗಿಸಬೇಕು, ಬಲಾತ್ಕಾರ ಕೂಡದು: ಇದು ಅವರ ಚಿಕಿತ್ಸೆ. ಮೈಮೇಲಿನ ಚಿನ್ನದ ಬಣ್ಣದ ಬಳ್ಳಿಗೆ ಸ್ಪಿರಿಟ್ ಮುಟ್ಟಿಸಬೇಡವೆಂದೂ ಹೇಳಿದರು. ಅದರ ಮೇಲಿರುವುದು ಅರಗಿನ ಲೇಪ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ ಅಲ್ಲವೆ? ಸ್ಪಿರಿಟ್ ತಾಗಿದರೆ ಅದು ಕರಗುತ್ತದೆ. ಈ ಬುದ್ಧಿವಾದ ನನಗೆ ಒಂದು ದಿನ ತಡವಾಗಿ ದೊರೆಯಿತು. ಬಳ್ಳಿಯ ಎರಡು ಎಲೆಗಳು ಆಗಲೇ ನನ್ನ ಚಿಂದಿಬಟ್ಟೆಗೆ ಬಂದಿದ್ದವು!

ಆರನೆಯ ದಿನ ಹಿಡಿ ತಿರುಗಿತು. ಆದರೆ ಬಟ್ಟೆಯ ಕೆಳಗೆ ದಾರ ಗಂಟುಗಟ್ಟುತ್ತಿತ್ತು. ಮೇಲಿನ ದಾರವನ್ನು ಬಿಗಿಹಿಡಿಯುವ ಎರಡು ಬಿಲ್ಲೆಗಳ ನಡುವೆ ಹಳೆಯ ನೂಲಿನ ಜುಂಗು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಹೊಸ ಸೂಜಿ ಹಾಕಿದೆ. ಹೊಲಿಗೆ ನೆಟ್ಟಗೆ ಬಿತ್ತು.

ಹಿಡಿಯ ಒಂದು ಸುತ್ತಿಗೆ ಮೂರು ಹೊಲಿಗೆ. ವೇಗದ ಮಿಷನ್ನಿನಲ್ಲಿ ಕಾಣದ ವ್ಯಾಪಾರ ಇದರಲ್ಲಿ ಕಣ್ಣಿಗೆ ಬೀಳುತ್ತದೆ. ಮುಂದಿನ ತಗಡನ್ನು ಸರಿಸಿ ಮೆಲ್ಲಗೆ ತಿರುಗಿಸಿದರೆ, ತುದಿಯಲ್ಲೇ ಕಣ್ಣಿರುವ ಸೂಜಿ ಕೆಳಗಿಳಿದು ತುಸು ಮೇಲೇಳುವಾಗ ದಾರ ಕುಣಿಕೆಯಾಗುತ್ತದೆ. ದೋಣಿಯಂತಹ ಶಟಲ್ ತನ್ನ ದಾರದೊಡನೆ ಆ ಕುಣಿಕೆಯಲ್ಲಿ ನುಸುಳಿಹೋಗುತ್ತದೆ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಹೊಲಿಗೆಯ ತತ್ತ್ವ ಇದೇ. ಕಲಾ ವಿಭಾಗದ ನನಗೂ ಯಂತ್ರವೊಂದು ಪೂರ್ತಿಯಾಗಿ ಅರ್ಥವಾದದ್ದು ಇದೇ ಮೊದಲು. ಯಂತ್ರಗಳನ್ನು ಸಂಶಯದಿಂದ ನೋಡುತ್ತಿದ್ದ ಗಾಂಧೀಜಿಯವರು 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿಯೊಬ್ಬರೊಡನೆ ಮಾತನಾಡುತ್ತ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟರು. ಹೆಂಡತಿಯ ಕಷ್ಟ ನೋಡಲಾರದೆ ಸಿಂಗರ್ ಇದನ್ನು ಕಂಡುಹಿಡಿದನೆಂಬುದು ಅವರ ನಂಬಿಕೆ. ಸಿಂಗರನ ಸಂಸಾರದ ಚರಿತ್ರೆ ಬಲ್ಲವರು ಇದನ್ನು ಒಪ್ಪುವುದು ಕಷ್ಟ, ಅದಿರಲಿ.

ನನ್ನ ಉತ್ಸಾಹಕ್ಕೆ ತಣ್ಣೀರೆರಚಿದವರು ಅಮ್ಮ. ಅವರು ಹದಿನಾಲ್ಕು ವರ್ಷಗಳಿಂದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಾರೆ. ಅಲ್ಲಿಯ ಮಿಷನ್ ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲದು. "ನಿನಗೆ ಇದು ಆಟ. ಇದರಲ್ಲಿ ಹೊಲಿದು ಅನ್ನ ಉಣ್ಣೋಕಾಗುತ್ತಾ?" ಎಂದರು. ಆಗುವುದಿಲ್ಲ. ಒಂದು ಕೈ ಹಿಡಿಗೇ ಮೀಸಲಾಗಿ, ಬಟ್ಟೆ ನಡೆಸಲು ಉಳಿಯುವುದು ಎಡಗೈ ಮಾತ್ರ. ಹೊಲಿಗೆಯಿಂದಲೇ ಜೀವನ ಮಾಡುವವರಿಗೆ ಕೈ ಮಿಷನ್ನಿನ ಮಹಿಮೆ ಹೇಳುವುದು ಉದ್ಧಟತನವಾದೀತು. 2023ರ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೂ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವಿದೆ. ಅಂಥವರು ಮೋಟಾರಿನ ಮಿಷನ್ನನ್ನೇ ಕೊಳ್ಳಲಿ.

ಆದರೆ ಮುಂದಿನ ಭಾನುವಾರ ಅಮ್ಮನೇ ಅದರ ಮುಂದೆ ಚಾಪೆ ಹಾಸಿ ಕುಳಿತರು. ಅಜ್ಜಿಗೊಂದು ರವಿಕೆ ಕತ್ತರಿಸಿ, ಸಂಜೆಯೊಳಗೆ ತೋಳು ಸೇರಿಸಿ, ಗುಂಡಿ ಹಚ್ಚಿ ಮುಗಿಸಿದರು. ಹದಿನಾಲ್ಕು ವರ್ಷ ಕಾಲರು ಒಂದನ್ನೇ ಹೊಲಿದಿರುವುದಾಗಿಯೂ, ಫ್ಯಾಕ್ಟರಿಯಲ್ಲಿ ಒಂದು ಅಂಗಿಯನ್ನೂ ಮೊದಲಿನಿಂದ ಕೊನೆಯವರೆಗೆ ತಮ್ಮ ಕೈಯಿಂದ ಮುಗಿಸಿಲ್ಲವೆಂದೂ ಆಗ ಹೇಳಿದರು. ನನಗೆ ಇದು ತಿಳಿದಿರಲಿಲ್ಲ. ಕೇಳಿಯೂ ಇರಲಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೆ. ಹೊಲಿಯಬಲ್ಲ ಮಿಷನ್ನನ್ನು ಗೋಡೆಗೆ ಒರಗಿಸುವುದು, ಅದರ ಎರಕದ ಕಾಲುಗಳನ್ನು ಕಾಫಿ ಮೇಜು ಮಾಡುವುದು ಪುರಾತನ ವಸ್ತುವಿನ ಮೇಲಣ ಪ್ರೀತಿಯಲ್ಲ. ಹೊಸ ಬಣ್ಣ ಬಳಿದು ಕಪಾಟಿನಲ್ಲಿ ಕೂರಿಸುವವರನ್ನೂ ನಾನು ಅದೇ ಸಾಲಿಗೆ ಸೇರಿಸುತ್ತೇನೆ. ಹರಿದ ಲಂಗ, ಬಿಚ್ಚಿದ ಚೀಲ, ಮಕ್ಕಳ ಅಂಗಿ ಇಷ್ಟಕ್ಕೆ ಕೈ ಮಿಷನ್ ಧಾರಾಳವಾಗಿ ಸಾಕು. ಕರೆಂಟು ಹೋದರೂ ನಿಲ್ಲದು.

ಬೆಂಗಳೂರಿನವರು ಹೇಳಿದ ದಿನಕ್ಕೆ ಬಂದರು. ಅಮ್ಮ ಹೊಲಿಯುತ್ತಿದ್ದುದನ್ನು ನೋಡಿ ಕಾಫಿ ಕುಡಿದು ಹೋದರು.

ಈಗ ನನಗೊಂದು ತೊಂದರೆಯಿದೆ. ದೋಣಿ ಶಟಲಿಗೆ ಹಿಡಿಸುವ ಉದ್ದನೆಯ ಬಾಬಿನ್ ನಮ್ಮಲ್ಲಿ ಒಂದೇ ಉಳಿದಿದೆ. ದಾರದ ಬಣ್ಣ ಬದಲಿಸಬೇಕಾದಾಗಲೆಲ್ಲ ಇದ್ದುದನ್ನು ಬಿಚ್ಚಿ ಮತ್ತೆ ಸುತ್ತಬೇಕು. ಸಹಪಾಠಿಗಳ ಅಥವಾ ಅಧ್ಯಾಪಕರ ಮನೆಯ ಹಳೆಯ ಡಬ್ಬಿಯಲ್ಲಿ ಅಂಥದು ಇದ್ದರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.