ಮುಂಬೈ ಕನ್ನಡಕ್ಕೆ ಮತ್ತೆ ರಾತ್ರಿಶಾಲೆ ಬೇಕು

ಮುಂಬೈಯ ಕನ್ನಡ ಸಭೆಗಳಲ್ಲಿ ಪದೇಪದೇ ಕೇಳುವ ದೂರೊಂದಿದೆ: ಇಲ್ಲೇ ಹುಟ್ಟಿದ ಮಕ್ಕಳು ಮಾತೃಭಾಷೆ ಮರೆತು ಅತ್ತ ಇತ್ತ ಎಲ್ಲಿಗೂ ಸೇರದವರಾದರು ಎಂದು. ಹೀಗೆ ಹಲುಬುವ ಹಿರಿಯರಲ್ಲಿ ಅನೇಕರ ಮನೆಮಾತು ತುಳುವೋ ಕೊಂಕಣಿಯೋ ಆಗಿರುತ್ತದೆ. ಸಭೆಗೂ ಅದು ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಕರಾವಳಿಯಿಂದ ಬಂದ ಬಹಳ ಮಂದಿ ಕನ್ನಡವನ್ನು ಕಲಿತು ಸಂಪಾದಿಸಿದವರು. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ಕಪ್ಪು-ಬಸಿ ತೊಳೆದ ಹುಡುಗ ಸಂಜೆ ರಾತ್ರಿಶಾಲೆಯ ಬೆಂಚಿಗೆ ಬರುತ್ತಿದ್ದ. ಅಲ್ಲಿ ಪಾಸಾದವರೇ ಮುಂದೆ ಗುಮಾಸ್ತರು, ವಕೀಲರು, ಸಂಘದ ಅಧ್ಯಕ್ಷರೂ ಆದರು. 1902ರಷ್ಟು ಹಳೆಯ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಮುದಾಯದ ಸಂಸ್ಥೆಯೂ ಇಂಥ ಶಾಲೆ ನಡೆಸಿತು. ಲೇಖಕರಲ್ಲೂ ಹಾಗೆಯೇ: ‘ಶಿಕಾರಿ’ ಕಾದಂಬರಿಯ ಯಶವಂತ ಚಿತ್ತಾಲ, ಮುಂಬೈಯ ಚಾಳುಗಳನ್ನು ಕಥೆಗೆ ತಂದ ಜಯಂತ ಕಾಯ್ಕಿಣಿ, ಇಬ್ಬರ ಮನೆಮಾತೂ ಕೊಂಕಣಿಯೇ.

ಹಾಗಿರುವಾಗ ಅಜ್ಜಿಯೊಡನೆ ತುಳು, ಲೋಕಲ್ ಟ್ರೇನಿನಲ್ಲಿ ಹಿಂದಿ-ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್ ಆಡುವ ಮೀರಾರೋಡಿನ ಹುಡುಗಿಗೆ ತಾನು ಯಾರೆಂಬುದೇ ತಿಳಿದಿಲ್ಲ ಎನ್ನುವುದು ಅನ್ಯಾಯ. ಯಕ್ಷಗಾನದ ಚೆಂಡೆಯೂ ಗಣೇಶೋತ್ಸವದ ಢೋಲೂ ಅವಳಿಗೆ ತನ್ನವೇ. ಅವಳಿಗೆ ಸಿಗದೆ ಹೋದದ್ದು ಕನ್ನಡದ ಅಕ್ಷರ, ಅಷ್ಟೆ. ಕನ್ನಡ ಮಾಧ್ಯಮದ ಶಾಲೆಗಳು ಸೊರಗಿವೆ. ಮಹಾರಾಷ್ಟ್ರದ 2020ರ ಕಾಯ್ದೆ ಎಲ್ಲ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯ ಮಾಡಿದೆ (ಇರುವ ನೆಲದ ನುಡಿ, ಕಲಿಯಬೇಕಾದದ್ದೇ). ಇಂಗ್ಲಿಷು, ಹಿಂದಿಯೂ ಸೇರಿದ ಮೇಲೆ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಪೀರಿಯಡ್ಡಾದರೂ ಎಲ್ಲಿಂದ ಬರಬೇಕು? ಇಂಗ್ಲಿಷ್ ಶಾಲೆಗೆ ಸೇರಿಸಿದ ಅಪ್ಪ-ಅಮ್ಮನನ್ನು ಬೈಯುವಂತಿಲ್ಲ. ರಾತ್ರಿಶಾಲೆಗೆ ಹೋದ ಹುಡುಗನಿಗಿದ್ದದ್ದೂ ಮೇಲೇರುವ ಆಸೆಯೇ.

ಮನೆಯಲ್ಲಿ ತುಳು ಇದೆಯಲ್ಲ, ಕನ್ನಡ ಯಾಕೆ ಎಂದು ಆ ಹುಡುಗಿ ಕೇಳಿದರೆ ಪ್ರಶ್ನೆ ಸರಿಯಾದದ್ದೇ. ಬಂಟರ, ಬಿಲ್ಲವರ ಜಾತಿಕೂಟಗಳಲ್ಲಿ ಅವಳಿಗೆ ತುಳು ಸಾಕು. ಆದರೆ ಕಲಬುರಗಿಯಿಂದ ಬಂದು ಕಟ್ಟಡ ಕೆಲಸ ಮಾಡುವವರ ಮಗನಿಗೆ ಆ ಕೂಟಗಳ ಬಾಗಿಲು ತೆರೆಯದು. ಇಬ್ಬರೂ ಜಾತಿ ಹೇಳಿಕೊಳ್ಳದೆ ಒಟ್ಟಿಗೆ ಕೂರಬಹುದಾದ ಜಾಗ ಕನ್ನಡ. ಹಿಂದಿಯಲ್ಲೂ ಮಾತಾಡಿಕೊಳ್ಳಬಹುದು, ನಿಜ. ಆದರೆ ಚಿತ್ತಾಲರು ಈ ನಗರದ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ಹಾಗೇ ಓದಲು ಹಿಂದಿ ನೆರವಾಗದು. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಕನ್ನಡ ಎಂ.ಎ. ಇದೆ, ಆದರೆ ‘ಅ, ಆ’ದಿಂದ ಶುರುಮಾಡುವ ಇಪ್ಪತ್ತೈದರ ನೌಕರಸ್ಥರಿಗೆ ಊರತುಂಬ ತರಗತಿ ಬೇಕು. ಸಂಘಗಳು ಸನ್ಮಾನದ ಶಾಲು, ಹಾರ, ಫಲಕಗಳ ದುಡ್ಡಿನಲ್ಲಿ ಮೇಷ್ಟ್ರ ಸಂಬಳ ಹೊಂದಿಸಬಹುದು. ಮಾಟುಂಗ, ಮಾಹಿಮ್‌ಗಳ ಕನ್ನಡ ಸಭಾಂಗಣಗಳನ್ನಷ್ಟೇ ನೆಚ್ಚಿ ಕೂತರೆ ಆಗದು. ಕೆಲಸ ಮುಗಿಸಿ ಬೊರಿವಿಲಿ, ಡೊಂಬಿವಿಲಿಗೆ ಮರಳುವವರು ನಡುವೆ ಇಳಿಯುವುದಿಲ್ಲ; ರಾತ್ರಿ ಎಂಟೂವರೆಗೆ ಅವರ ಸ್ಟೇಷನ್ನಿನ ಪಕ್ಕದಲ್ಲೇ ತರಗತಿ ನಡೆಯಬೇಕು.