ಎಡಗೈ, ಬಲಗಣ್ಣು ಮತ್ತು ತೊಡರುವ ಓದು

ನಿಮ್ಮ ಮಗು ಬರೆಯುವುದು ಎಡಗೈಯಲ್ಲಿ, ಚೆಂಡು ಎಸೆಯುವುದು ಬಲಗೈಯಲ್ಲಿ, ಬಾಗಿಲ ಸಂದಿಯಲ್ಲಿ ಇಣುಕುವುದು ಬಲಗಣ್ಣಿನಲ್ಲಿ. ಅದೇ ಮಗು ಪಾಠ ಓದಲು ಕುಳಿತರೆ ಪ್ರತಿ ಸಾಲಿನಲ್ಲೂ ಎಡವುತ್ತದೆ. ಇವೆರಡನ್ನೂ ಗಂಟುಹಾಕಿ ‘ಮಿದುಳು ಎರಡೂ ಕಡೆ ಎಳೆಯುತ್ತಿದೆ’ ಎಂದು ಯಾರಾದರೂ ಹೇಳಿದರೆ ನೀವು ಬೇಗ ನಂಬುತ್ತೀರಿ. ಅದರ ಹಿಂದೆಯೇ ಬರುತ್ತವೆ ಎರಡು ಸಲಹೆ: ಬಲಗೈಯಲ್ಲಿ ಬರೆಸಿ, ಕನ್ನಡ ಮಾಧ್ಯಮ ಬಿಡಿಸಿ. ಎರಡನ್ನೂ ಒಪ್ಪಬೇಡಿ.

ಈ ನಂಬಿಕೆಗೆ ಸುಮಾರು ನೂರು ವರ್ಷದ ವಯಸ್ಸು. ಅಮೆರಿಕದ ವೈದ್ಯ ಸ್ಯಾಮುಯೆಲ್ ಆರ್ಟನ್ 1925ರಲ್ಲಿ, ಮಿದುಳಿನ ಒಂದು ಅರ್ಧ ಇನ್ನೊಂದರ ಮೇಲೆ ಸರಿಯಾಗಿ ಹಿಡಿತ ಸಾಧಿಸದ ಮಕ್ಕಳಿಗೆ ಅಕ್ಷರ ತಿರುಗುಮುರುಗಾಗುತ್ತದೆ ಎಂದು ಊಹಿಸಿದರು. ಇಂಥ ಮಕ್ಕಳನ್ನು ದಡ್ಡರೆಂದು ತಳ್ಳಬಾರದು ಎಂದ ಅವರ ಮಾತು ಉಳಿಯಿತು, ಊಹೆ ಉಳಿಯಲಿಲ್ಲ. ಬ್ರಿಟನ್ನಿನ ಐಲ್ ಆಫ್ ವೈಟ್ ದ್ವೀಪದ ಮಕ್ಕಳ ದೊಡ್ಡ ಸಮೀಕ್ಷೆಯಲ್ಲಿ ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವುದಕ್ಕೂ ಓದಿನ ತೊಂದರೆಗೂ ನಂಟು ಕಾಣಲಿಲ್ಲ. ಬಲಗೈಯವರಲ್ಲೇ ಸುಮಾರು ಮೂರರಲ್ಲೊಬ್ಬರಿಗೆ ಎಡಗಣ್ಣು ಮುಂದು. ಎಡಗೈಯವರಲ್ಲೂ ಹೆಚ್ಚುಕಡಿಮೆ 10ರಲ್ಲಿ 7 ಮಂದಿಗೆ ಭಾಷೆಯ ಕೆಲಸ ನಡೆಯುವುದು ಉಳಿದವರಂತೆ ಎಡ ಮಿದುಳಿನಲ್ಲೇ. ಕೈ ಬದಲಿಸಿದರೆ ಓದು ಬರುವುದಿಲ್ಲ. ಅಳು ಬರುತ್ತದೆ.

ಹಾಗಾದರೆ ತೊಡಕು ಎಲ್ಲಿ? ಹೆಚ್ಚಿನ ಮಕ್ಕಳಲ್ಲಿ ಅದು ಕಣ್ಣಿನದಲ್ಲ. ಕೇಳಿದ ಮಾತನ್ನು ಧ್ವನಿಗಳಾಗಿ ಬಿಡಿಸಿ ಒಂದೊಂದಕ್ಕೆ ಗುರುತು ಜೋಡಿಸುವ ಕೆಲಸದ್ದು. ನಮ್ಮ ಲಿಪಿಯಲ್ಲಿ ಈ ಜೋಡಣೆಯ ಕೆಲಸ ಬಹಳ. ವರ್ಣಮಾಲೆ 49 ಎನ್ನುತ್ತೇವೆ, ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನೇ: ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದರೆ ರೋಗವಲ್ಲ. ಐದನೇ ತರಗತಿಯಲ್ಲೂ ‘ಮ’ ಮತ್ತು ‘ವ’ ಕಲಸಿದರೆ, ಓದಿದ್ದು ಸರಿಯಿದ್ದರೂ ಒಂದು ಸಾಲಿಗೆ ಒಂದು ನಿಮಿಷ ಹಿಡಿದರೆ, ಬಾಯಲ್ಲಿ ಚೆನ್ನಾಗಿ ಉತ್ತರಿಸುವ ಮಗು ಬರೆಯುವಾಗ ಖಾಲಿ ಬಿಟ್ಟರೆ, ಆಗ ತಡಮಾಡಬೇಡಿ.

ಗಡಿಯ ಮಗುವಿಗೆ ಇನ್ನೊಂದು ಹೊರೆಯಿದೆ. ‘ಕರ್ಣ’ ಎಂದು ಬರೆಯುವಾಗ ರಕಾರದ ಧ್ವನಿ ಮೊದಲು, ಅರ್ಕಾವೊತ್ತು ಆಮೇಲೆ. ತಮಿಳಿನಲ್ಲಿ ಎಕಾರದ ಕೊಂಬು ವ್ಯಂಜನಕ್ಕಿಂತ ಮುಂಚೆ ಬರುತ್ತದೆ, ಓದುವುದು ಆಮೇಲೆ. ಒಕಾರದ ಗುರುತು ಎರಡೂ ಬದಿಯಲ್ಲಿ ಕೂರುತ್ತದೆ. ಕ, ಗ ಎರಡಕ್ಕೂ ಅಲ್ಲಿ ಒಂದೇ ಅಕ್ಷರ. ಇದರ ಮೇಲೆ ಇಂಗ್ಲಿಷ್. ದೇವಾಂಗರ ಬೀದಿಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಆಡುವ ಕನ್ನಡವೂ ಪುಸ್ತಕದ ಕನ್ನಡವಲ್ಲ. ಆದ್ದರಿಂದ ‘ಮೂರು ಭಾಷೆಯ ಗೊಂದಲ, ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಶಾಲೆ ಹೇಳುವುದು ಸುಲಭ. ಓದಿನ ನ್ಯೂನತೆ ನಿಜವಾಗಿದ್ದರೆ ಅದು ಎಲ್ಲ ಲಿಪಿಯಲ್ಲೂ ತಲೆಹಾಕುತ್ತದೆ, ವೇಷ ಮಾತ್ರ ಬೇರೆ. ತಮಿಳಿನಲ್ಲಿ ಮಾತ್ರ ಹಿಂದೆ ಬಿದ್ದು ಕನ್ನಡದಲ್ಲಿ ಸಲೀಸಾಗಿ ಓದುವ ಮಗುವಿಗೆ ಬೇಕಾದ್ದು ತಮಿಳು ಪಾಠ, ವೈದ್ಯರಲ್ಲ.

ಇದನ್ನು ಬೇರ್ಪಡಿಸಲು ಪರೀಕ್ಷೆ ಕನ್ನಡದಲ್ಲೇ ನಡೆಯಬೇಕು. ನಮ್ಮ ಹಟ ಇಲ್ಲಿದೆ. ಇಂಗ್ಲಿಷ್ ಪದಪಟ್ಟಿ ಓದಿಸಿ ಕನ್ನಡ ಮಾಧ್ಯಮದ ಮಗುವಿಗೆ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಅದನ್ನು ಬಳಸುತ್ತೀರಾ ಎಂದು ನೇರವಾಗಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ, ಶುಲ್ಕ ಕೊಡುವವರು ನೀವು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರವಿದ್ದರೆ ತಮಿಳುನಾಡಿನ ಸಾರ್ವಜನಿಕ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಒಂದು ಭಾಷೆಯಿಂದ ವಿನಾಯಿತಿ ಕೇಳಬಹುದು. ಈ ಕೊನೆಯದರಲ್ಲೇ ಎಚ್ಚರ ಬೇಕು. 2006ರ ತಮಿಳು ಕಲಿಕೆ ಕಾಯ್ದೆ ತಮಿಳನ್ನು ಕಡ್ಡಾಯ ಮಾಡಿದ ಮೇಲೆ, ಅವಸರದಲ್ಲಿ ಕೈಬಿಡುವ ಭಾಷೆ ಕನ್ನಡವೇ ಆಗಿಬಿಡುವ ಅಪಾಯವಿದೆ. ಮಗು ಯೋಚಿಸುವ ಭಾಷೆಯನ್ನು ಮೊದಲು ಬಿಡಿಸುವುದು ಊರುಗೋಲು ಕಿತ್ತುಕೊಂಡು ನಡೆ ಎಂದಂತೆ. ಯಾವ ಭಾಷೆಗೆ ವಿನಾಯಿತಿ ಎಂಬುದನ್ನು ಮುಖ್ಯೋಪಾಧ್ಯಾಯರಿಂದ ಬರಹದಲ್ಲಿ ಪಡೆದ ಮೇಲೆಯೇ ಅರ್ಜಿಗೆ ಸಹಿ ಹಾಕಿ.

ಎಡಮಿದುಳು ಬಲಮಿದುಳು ಜೋಡಿಸಿಕೊಡುತ್ತೇವೆ ಎನ್ನುವ ತರಬೇತಿಗಳಿಗೆ ದುಡ್ಡು ಸುರಿಯಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ಆಟದಲ್ಲಿ ಮಕ್ಕಳು ಮೂಗಿನ ಸಂದಿಯಿಂದ ಇಣುಕುತ್ತಾರೆ ಎಂಬುದನ್ನು ಮಂಗಳೂರಿನ ನರೇಂದ್ರ ನಾಯಕ್ ವೇದಿಕೆಯ ಮೇಲೆಯೇ ತೋರಿಸಿದ್ದಾರೆ.

ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ದುಡಿಯುತ್ತ ಮಗುವನ್ನು ತಾಳವಾಡಿಯ ಅಜ್ಜಿಮನೆಯಲ್ಲಿ ಬಿಟ್ಟು ಕನ್ನಡ ಶಾಲೆಗೆ ಕಳಿಸುವ ತಾಯಿಗೆ ಇಷ್ಟೆಲ್ಲ ಓಡಾಟ ಸುಲಭವಲ್ಲ, ಗೊತ್ತು. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ದೃಷ್ಟಿ, ಕಿವಿ ಪರೀಕ್ಷೆ ಮಾಡಿಸಿ. ಶಾಲೆಗೆ ಬರುವ ಮಕ್ಕಳ ಆರೋಗ್ಯ ತಂಡಕ್ಕೂ ತಿಳಿಸಿ. ಅವರು ನೋಡಬೇಕಾದ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ. ಕನ್ನಡದಲ್ಲಿ ಪರೀಕ್ಷಿಸುವವರು ಇಲ್ಲಿ ಸಿಗದಿದ್ದರೆ ಸತ್ಯಮಂಗಲದಿಂದ ದಿಂಬಂ ಘಟ್ಟದ 27 ತಿರುವು ಹತ್ತಿ, ಚಾಮರಾಜನಗರದ ಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಹೊರಡುವಾಗ ಮಗುವಿನ ಕನ್ನಡ ಮತ್ತು ತಮಿಳು ಎರಡೂ ನೋಟುಪುಸ್ತಕ ಚೀಲದಲ್ಲಿರಲಿ, ಕೆಂಪು ಶಾಯಿಯ ಪುಟಗಳನ್ನು ಹರಿದುಹಾಕದೆ.